ಉಪದೇಶಿ ಮಾತು ಬಿಟ್ಟ ಐವತ್ತು ದಿನ

ಮಾಲೂರಿನಲ್ಲಿ ನಾನು ಕೆಲಸ ಮಾಡುವ ಲ್ಯಾಬಿನ ನೆಲವನ್ನು ಬೆಳಗ್ಗೆ ಏಳೂವರೆಗೆ ಬ್ಲೀಚಿಂಗ್ ಪುಡಿ ಕಲಸಿದ ನೀರಿನಲ್ಲಿ ಒರೆಸುತ್ತಾರೆ. ಆ ಘಾಟು ಮೂಗಿಗೆ ಬಡಿದ ಕೂಡಲೇ ನನಗೆ ನಮ್ಮೂರಿನ ಹುಳದ ಮನೆ ನೆನಪಾಗುತ್ತದೆ. ರೇಷ್ಮೆ ಹುಳ ಸಾಕುವವರು ಒಂದು ಬೆಳೆ ಮುಗಿದ ಮೇಲೆ, ಇನ್ನೊಂದು ತರುವುದಕ್ಕೆ ಮುಂಚೆ, ಗೋಡೆ, ನೆಲ, ತಟ್ಟೆಗಳನ್ನೆಲ್ಲ ಇದೇ ನೀರಿನಲ್ಲಿ ತೊಳೆಯುತ್ತಾರೆ. ಕಳೆದ ವರ್ಷ ಮಾರ್ಚ್‌ನಲ್ಲಿ ಅದನ್ನು ತೊಳೆದವರು ಅಪ್ಪ ಮತ್ತು ನಾನು, ಇಬ್ಬರೇ. ಅದಕ್ಕೆ ಮುಂಚಿನ ಇಪ್ಪತ್ತಾರು ವರ್ಷ ತೊಳೆದವಳು ಅಮ್ಮ.

ಆ ವರ್ಷದ ಡೈರಿಯನ್ನು ಪಕ್ಕದಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಲೆಕ್ಕ ಇಡುವ ಅಭ್ಯಾಸ ನನಗೆ ಹದಿಮೂರನೇ ವಯಸ್ಸಿನಿಂದ ಇದೆ. ಮಳೆ ಬಂದ ದಿನ, ಕರೆಂಟು ಹೋದ ಗಂಟೆ, ಮನೆಗೆ ಬಂದವರ ಹೆಸರು, ಎಲ್ಲ ಬರೆದಿಡುತ್ತೇನೆ. ತಾಲ್ಲೂಕು ಆಫೀಸಿನಲ್ಲಿ ಹುಟ್ಟಬೇಕಾದವಳು ತಪ್ಪಿ ನಮ್ಮ ಮನೆಯಲ್ಲಿ ಹುಟ್ಟಿದ್ದಾಳೆ ಎಂದು ಅಮ್ಮ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು.

ನಮ್ಮೂರು ಯಲ್ದೂರಿನಿಂದ ನಾಲ್ಕು ಕಿಲೋಮೀಟರು. ಕ್ರೈಸ್ತರ ಮನೆ ಹದಿನಾಲ್ಕು. ಗೋಪುರವಿಲ್ಲದ ಒಂದು ಸಣ್ಣ ಚರ್ಚು ಇದೆ. ಸಭೆಯ ಪಾದ್ರಿ, ಅಯ್ಯನವರು, ಶ್ರೀನಿವಾಸಪುರದಿಂದ ತಿಂಗಳಿಗೆ ಎರಡು ಭಾನುವಾರ ಬರುತ್ತಾರೆ. ಮಿಕ್ಕ ಭಾನುವಾರ ಆರಾಧನೆ ನಡೆಸುತ್ತಿದ್ದವರು ನಮ್ಮಪ್ಪ ಪ್ರಕಾಶಪ್ಪ. ಒಂದೂವರೆ ಎಕರೆ ಹಿಪ್ಪುನೇರಳೆ ತೋಟ, ಅದರ ಪಕ್ಕದಲ್ಲೇ ಹುಳದ ಮನೆ, ಇದೇ ಅವರ ಜೀವನ. ಆದರೆ ಸುತ್ತಮುತ್ತಲಿನ ಊರುಗಳಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆಯುವುದಿಲ್ಲ. ಉಪದೇಶಿ ಎಂದೇ ಕರೆಯುತ್ತಾರೆ. ಯಾವ ಕ್ರೈಸ್ತರ ಮನೆಯಲ್ಲಿ ಸಾವಾದರೂ ಅಯ್ಯನವರಿಗಿಂತ ಮುಂಚೆ ಅಪ್ಪನಿಗೆ ಫೋನು ಬರುತ್ತಿತ್ತು. ಇಪ್ಪತ್ತಮೂರು ವರ್ಷ ಹಾಗೆ ಹೋಗಿದ್ದಾರೆ. ನಾನು ಡೈರಿ ಬರೆಯಲು ತೊಡಗಿದ ಮೇಲಿನ ಹನ್ನೊಂದು ವರ್ಷದ ಲೆಕ್ಕ ನನ್ನ ಹತ್ತಿರವಿದೆ: ಅರವತ್ತನಾಲ್ಕು ಮನೆ.

ಅಂಥ ಮನೆಗಳಲ್ಲಿ ಅಪ್ಪ ಹೇಳುತ್ತಿದ್ದ ಒಂದು ಮಾತಿತ್ತು. ಬೈಬಲಿನ ವಾಕ್ಯ ಓದಿ, ಪ್ರಾರ್ಥನೆ ಮಾಡಿ, ಕೊನೆಗೆ ಮನೆಯವರ ಪಕ್ಕ ಕೂತು ಹೇಳುವರು: "ಅಳಬೇಡಿ. ಅವರು ಮುಂಚಿನ ಬಸ್ಸಿಗೆ ಹೋಗಿದ್ದಾರೆ, ನಾವು ಹಿಂದೆ ಬರೋ ಬಸ್ಸಿಗೆ ಹೋಗ್ತೀವಿ. ಊರು ಒಂದೇ ತಾನೇ? ಬಸ್‌ಸ್ಟ್ಯಾಂಡಲ್ಲಿ ಯಾರಾದ್ರೂ ಅಳ್ತಾರಾ?" ಅತ್ತು ಅತ್ತು ಸುಸ್ತಾದವರು ಅದನ್ನು ಕೇಳಿ ಕಣ್ಣೊರೆಸಿಕೊಂಡು ಸ್ವಲ್ಪ ನಗುವುದನ್ನು ನಾನೇ ನೋಡಿದ್ದೇನೆ. ಜನ ಆ ಮಾತನ್ನು ಕಲಿತುಕೊಂಡು, ಅಪ್ಪ ಇಲ್ಲದ ಕಡೆಯೂ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು.

ಫೆಬ್ರವರಿ ಹತ್ತೊಂಬತ್ತು, ಬುಧವಾರ. ಬೆಳಗ್ಗೆ ಆರೂಮುಕ್ಕಾಲಿಗೆ ಅಮ್ಮ ತೋಟದಲ್ಲಿ ಸೊಪ್ಪಿನ ಕಡ್ಡಿ ಕೊಯ್ಯುತ್ತಿದ್ದಳು. ಎದೆ ಹಿಡಿದುಕೊಂಡು ಸಾಲಿನ ನಡುವೆ ಕೂತಳಂತೆ. ಪಕ್ಕದ ಮನೆಯ ನಾರಾಯಣಪ್ಪ ತಂದುಕೊಟ್ಟ ಆಟೋದಲ್ಲಿ ಅಪ್ಪ ಶ್ರೀನಿವಾಸಪುರಕ್ಕೆ ಕರೆದುಕೊಂಡು ಹೊರಟರು. ಆಸ್ಪತ್ರೆ ಮುಟ್ಟುವ ಮೊದಲೇ ಅಮ್ಮ ಹೋಗಿಬಿಟ್ಟಿದ್ದಳು. ಅಮ್ಮನ ಹೆಸರು ಸುಗುಣ, ಅವಳಿಗೆ ಐವತ್ತೊಂದು ವರ್ಷ. ಮಾಲೂರಿನಲ್ಲಿದ್ದ ನನಗೆ ಫೋನು ಬಂದದ್ದು ಎಂಟು ಹತ್ತಕ್ಕೆ. ಕೋಲಾರದಲ್ಲಿ ಬಸ್ಸು ಬದಲಾಯಿಸಿ ಮನೆ ಮುಟ್ಟಿದಾಗ ಹನ್ನೊಂದು ನಲವತ್ತು.

ಅಮ್ಮನನ್ನು ಚರ್ಚಿನ ಬೆಂಚಿನ ಮೇಲೆ ಮಲಗಿಸಿ ಅಂಗಳದಲ್ಲಿ ಇಟ್ಟಿದ್ದರು. ಅವಳ ಕಾಲ ಹತ್ತಿರ ನಾರಾಯಣಪ್ಪನ ಹೆಂಡತಿ ಮುನಿರತ್ನಮ್ಮ ಕೂತಿದ್ದಳು. ಅವರು ಕ್ರೈಸ್ತರಲ್ಲ, ಆದರೆ ನಮ್ಮೆರಡು ಮನೆಗೆ ಒಂದೇ ಬೇಲಿ. ಅಮ್ಮ ನಂಗಲಿಯಿಂದ ಮದುವೆಯಾಗಿ ಬಂದಾಗ ಅವಳಿಗೆ ತೆಲುಗು ಬಿಟ್ಟರೆ ಬೇರೆ ಸರಿಯಾಗಿ ಬರುತ್ತಿರಲಿಲ್ಲ. ಊರಲ್ಲಿ ಅವಳೊಡನೆ ಮೊದಲು ತೆಲುಗಿನಲ್ಲಿ ಮಾತಾಡಿದವಳು ಮುನಿರತ್ನಮ್ಮ. ಆ ದಿನ ಅವಳು ಎದೆ ಬಡಿದುಕೊಂಡು ತೆಲುಗಿನಲ್ಲೇ ಹಾಡಿ ಹಾಡಿ ಅಳುತ್ತಿದ್ದಳು. ಅಮ್ಮ ಹುಳಕ್ಕೆ ಸೊಪ್ಪು ಹಾಕುವುದು, ಅಮ್ಮನ ಕೈಯ ಹುಣಸೆ ಚಟ್ನಿ, ಇಬ್ಬರೂ ಸೇರಿ ಮುಳಬಾಗಿಲಿಗೆ ಹೋಗಿ ಒಂದೇ ಬಣ್ಣದ ಸೀರೆ ತಂದದ್ದು, ಎಲ್ಲವೂ ಆ ಅಳುವಿನಲ್ಲಿ ಬಂದು ಹೋಗುತ್ತಿದ್ದವು. ನಮ್ಮ ಸಭೆಯವರಿಗೆ ಆ ರೀತಿಯ ಅಳು ಹಿಡಿಸುವುದಿಲ್ಲ. ಒಬ್ಬರನ್ನೊಬ್ಬರು ನೋಡಿಕೊಂಡರು. ಅಪ್ಪ ಎದ್ದು ಅವಳ ಹತ್ತಿರ ಹೋದರು. ಅಭ್ಯಾಸ ಬಲದಿಂದಲೇ ಇರಬೇಕು, ತಮ್ಮ ಹೆಂಡತಿಯ ಹೆಣದ ಮುಂದೆ ನಿಂತು ಅದೇ ಮಾತು ಹೇಳಿದರು. ಮುಂಚಿನ ಬಸ್ಸು, ಹಿಂದೆ ಬರುವ ಬಸ್ಸು.

ಮುನಿರತ್ನಮ್ಮ ತಲೆ ಎತ್ತಿ ನೋಡಿದಳು.

"ಅಣ್ಣಯ್ಯ, ನೀವು ಅಲ್ಲಿಗೆ ಹೋಗಿ ಇವಳನ್ನ ನೋಡ್ತೀರ. ನಿಮ್ಮ ಬಸ್ಸಲ್ಲಿ ನಾನಿಲ್ವಲ್ಲ. ನಂಗೆ ಇವಳು ಸಿಗೋದು ಇವತ್ತೊಂದೇ ದಿನ. ಅಳಕ್ಕೆ ಬಿಡಿ."

ಅಪ್ಪ ಹಿಂದಕ್ಕೆ ಸರಿದರು. ಹೋಗಿ ಹುಳದ ಮನೆಯ ಗೋಡೆಗೆ ಒರಗಿ ಕೂತರು. ಡೈರಿಯಲ್ಲಿ ನಾನು ಬರೆದಿರುವುದು ಇಷ್ಟು: "ಮಧ್ಯಾಹ್ನ 12.05. ಅಪ್ಪ ಮಾತು ನಿಲ್ಲಿಸಿದರು."

ಮಣ್ಣು ಮಾಡಿದ್ದು ಮರುದಿನ ಸಂಜೆ ನಾಲ್ಕಕ್ಕೆ. ಅಷ್ಟರೊಳಗೆ ಹೋಳೂರು, ಕೋಲಾರ, ಮುಳಬಾಗಿಲು ಕಡೆಯಿಂದ ಸಭೆಯವರು ಬಂದರು. ಅಪ್ಪ ಯಾರ ಯಾರ ಮನೆಗೆ ಹೋಗಿದ್ದರೋ ಅವರೆಲ್ಲ ಬಂದಿದ್ದರು. ಬಂದವರು ಅಪ್ಪನ ಕೈ ಹಿಡಿದು ಏನು ಹೇಳಬೇಕು? ಅಪ್ಪ ಅವರಿಗೆ ಹೇಳಿದ್ದನ್ನೇ ಹೇಳಿದರು. "ಮುಂಚಿನ ಬಸ್ಸಿಗೆ ಹೋದಳು ಅಷ್ಟೇ ಉಪದೇಶಿಗಳೇ." "ಬಸ್‌ಸ್ಟ್ಯಾಂಡಲ್ಲಿ ಅಳಬಾರದು ಅಂತ ನೀವೇ ಅಂದಿದ್ರಲ್ಲ." ನಾನು ಬಾಗಿಲ ಪಕ್ಕ ಕೂತು ಆ ಮಾತು ಬಂದಾಗಲೆಲ್ಲ ಡೈರಿಯ ಹಿಂದಿನ ಪುಟದಲ್ಲಿ ಗೀಟು ಹಾಕುತ್ತಾ ಹೋದೆ. ನಾಲ್ಕು ಗೀಟು, ಅಡ್ಡಕ್ಕೆ ಐದನೆಯದು. ಮೂರನೇ ದಿನದ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಮೂವತ್ತೆಂಟು ಗೀಟು ಆಗಿತ್ತು. ಅದರಲ್ಲಿ ಒಬ್ಬ ಮುದುಕ, ಸಭೆಯ ಹಿರಿಯ ಯೋಹಾನಪ್ಪ, ಅಪ್ಪನ ಬೆನ್ನು ಸವರಿ ತನ್ನದೂ ಒಂದು ಸೇರಿಸಿದ: "ಸುಗುಣ ಜಾಣೆ ಕಣಪ್ಪ. ನಿಂಗೊಂದು ಸೀಟಿಗೆ ಟವಲ್ ಹಾಕಿ ಹಿಡಿದಿಟ್ಟಿರ್ತಾಳೆ."

ಯಾರಲ್ಲೂ ಕೆಟ್ಟ ಮನಸ್ಸಿರಲಿಲ್ಲ. ಎಲ್ಲರೂ ಪ್ರೀತಿಯಿಂದಲೇ ಹೇಳಿದರು. ಅಪ್ಪ ಪ್ರತಿಯೊಬ್ಬರಿಗೂ ತಲೆಯಾಡಿಸಿದರು. ತಮ್ಮ ಮಾತು ಎದುರಿಂದ ಬಂದಾಗ ಹೇಗೆ ಕೇಳಿಸುತ್ತದೆ ಎನ್ನುವುದು ಅವರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಮೂವತ್ತೆಂಟನೆಯವರು ಹೋದ ಮೇಲೆ ಅವರ ಮುಖ ದಿನವೆಲ್ಲ ಕಲ್ಲು ಹೊತ್ತವರ ಮುಖದ ಹಾಗಿತ್ತು. ಅವರು ಅಳಲಿಲ್ಲ. ಅಳುವಂತೆಯೇ ಇರಲಿಲ್ಲ, ಉಪದೇಶಿಯೇ ಅತ್ತರೆ ಆ ಅರವತ್ತನಾಲ್ಕು ಮನೆಯವರು ಏನೆಂದುಕೊಂಡಾರು?

ಇಷ್ಟೆಲ್ಲ ನಡೆಯುವಾಗ ಹುಳ ತಿನ್ನುತ್ತಲೇ ಇತ್ತು. ಹುಳ ಸಾಕದವರಿಗೆ ಇದನ್ನು ಹೇಳಬೇಕು. ರೇಷ್ಮೆ ಹುಳ ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಪ್ರತಿ ಸಲ ಒಂದು ದಿನದ ಮಟ್ಟಿಗೆ ತಲೆ ಎತ್ತಿಕೊಂಡು, ಸೊಪ್ಪು ಮುಟ್ಟದೆ, ಅಲ್ಲಾಡದೆ ಕೂರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತೇವೆ. ನಾಲ್ಕನೇ ಜ್ವರದಿಂದ ಎದ್ದ ಮೇಲೆ ಗೂಡು ಕಟ್ಟುವವರೆಗೆ ಒಂದು ವಾರ ಅದಕ್ಕೆ ತಡೆಯಲಾರದ ಹಸಿವು. ದಿನಕ್ಕೆ ಮೂರು ಸಲ ಸೊಪ್ಪು ಬೀಳಲೇಬೇಕು. ಅಮ್ಮ ಹೋದದ್ದು ಆ ವಾರದ ಮೂರನೇ ದಿನ. ಸಾವಿನ ಮನೆಯವರು ಸೂತಕ ಕಳೆಯುವವರೆಗೆ ಬೇರೆಯವರ ಹುಳದ ಮನೆಗೆ ಕಾಲಿಡುವ ಹಾಗಿಲ್ಲ, ಅವರ ಮನೆಗೆ ಹೋಗಿ ಬಂದವರೂ ತಮ್ಮ ಹುಳದ ಹತ್ತಿರ ಸುಳಿಯುವ ಹಾಗಿಲ್ಲ. ಹುಳ ಕೆಡುತ್ತದೆ ಎಂದು ಊರೆಲ್ಲ ನಂಬುತ್ತದೆ. ನಾವು ಕ್ರೈಸ್ತರು ಸೂತಕ ಹಿಡಿಯುವುದಿಲ್ಲ. ಆದರೆ ಮುನಿರತ್ನಮ್ಮ ಹಿಡಿಯುತ್ತಾಳೆ. ಆ ದಿನ ಮಧ್ಯಾಹ್ನ ಎರಡು ಗಂಟೆಗೆ ನಾನು ಹುಳದ ಮನೆಗೆ ಹೋದರೆ ಅವಳು ಆಗಲೇ ಒಳಗಿದ್ದಳು, ಕಣ್ಣು ಊದಿಕೊಂಡಿತ್ತು, ಕಂಕುಳಲ್ಲಿ ಸೊಪ್ಪಿನ ಹೊರೆ.

"ನಿಮ್ಮ ಹುಳಕ್ಕೆ ನಾನು ಹಾಕ್ತೀನಿ, ನಮ್ಮ ಹುಳಕ್ಕೆ ನಮ್ಮ ಯಜಮಾನ ಹಾಕ್ತಾನೆ. ಹನ್ನೊಂದು ದಿನ ನಾನು ನಮ್ಮ ಹುಳದ ಮನೆ ಕಡೆ ಹೋಗಲ್ಲ. ನೀನು ಹೋಗಿ ನಿಮ್ಮಮ್ಮನ ಹತ್ರ ಕೂತ್ಕೋ ಲಿಲ್ಲಿ."

ಹನ್ನೊಂದು ದಿನವೂ ಹಾಗೇ ನಡೆಯಿತು. ತನ್ನ ಹುಳವನ್ನು ಕಣ್ಣಲ್ಲಿ ನೋಡದೆ ನಮ್ಮ ಹುಳ ಹಣ್ಣು ಮಾಡಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸುವವರೆಗೆ ನಿಂತಳು. ನಾರಾಯಣಪ್ಪ ಒಬ್ಬನೇ ಸರಿಯಾಗಿ ನೋಡಿಕೊಳ್ಳಲಾಗದೆ ಅವರ ಹುಳ ಸುಮಾರು ಸತ್ತವು. ಅದು ನಮ್ಮ ಮನೆಯ ಸಾವಿನಿಂದಲೇ ಆದದ್ದೆಂದು ಊರಲ್ಲಿ ಮಾತಾಡಿಕೊಂಡರು. ಮುನಿರತ್ನಮ್ಮ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮಾರ್ಚ್ ತಿಂಗಳ ಪುಟಗಳು ಒಂದೇ ತರಹ ಇವೆ. ಎದ್ದದ್ದು, ಅಡುಗೆ, ತೋಟಕ್ಕೆ ನೀರು, ಹುಳದ ಮನೆ ತೊಳೆದದ್ದು, ಮಲಗಿದ್ದು. ಬಿಸಿಲು ಏರುತ್ತಿತ್ತು. ಮಾವಿನ ತೋಪುಗಳಲ್ಲಿ ಹೂವು ಉದುರಿ ಪಿಂದೆ ಕಟ್ಟಿತ್ತು. ನಾನು ಲ್ಯಾಬಿಗೆ ಫೋನ್ ಮಾಡಿ ರಜೆಯನ್ನು ಮೂರು ಸಲ ಮುಂದಕ್ಕೆ ಹಾಕಿದೆ. ಎಷ್ಟು ಮಲಗಿದರೂ ಮೈಕೈ ನೋವು ಹೋಗುತ್ತಿರಲಿಲ್ಲ. ಅಮ್ಮ ಎಂಟು ಗಂಟೆಯೊಳಗೆ ಮುಗಿಸುತ್ತಿದ್ದ ಕೆಲಸ ನನಗೆ ಹನ್ನೊಂದಾದರೂ ಮುಗಿಯುತ್ತಿರಲಿಲ್ಲ.

ಅಪ್ಪ ಹುಳದ ವಿಷಯ, ನೀರಿನ ವಿಷಯ ಮಾತಾಡುವರು. ಉಪದೇಶಿಯ ಮಾತು ಮಾತ್ರ ನಿಂತುಹೋಗಿತ್ತು. ಊಟಕ್ಕೆ ಕೂತಾಗ ಪ್ರಾರ್ಥನೆ ಇಲ್ಲ. ತಟ್ಟೆ ನೋಡುತ್ತಾ ಒಂದು ಗಳಿಗೆ ಸುಮ್ಮನಿದ್ದು ಉಣ್ಣಲು ಶುರು ಮಾಡುವರು. ಭಾನುವಾರ ಬಿಳಿ ಅಂಗಿ ಹಾಕಿಕೊಂಡು ಬಾಗಿಲವರೆಗೆ ಬಂದು, ಮತ್ತೆ ಅಂಗಿ ತೆಗೆದು ತೋಟಕ್ಕೆ ಹೋಗುವರು. ಆ ತಿಂಗಳು ಮೂರು ಸಾವಿನ ಮನೆಯಿಂದ ಫೋನು ಬಂತು. "ಹುಳ ಬಿಟ್ಟು ಬರಕ್ಕಾಗಲ್ಲ" ಎಂದು ಅಪ್ಪ ಹೇಳಿಸಿದರು. ಮೂರು ಸಲ ಹಾಗೆ ಹೇಳಿಸಿದಾಗಲೂ ನಮ್ಮ ಮನೆಯಲ್ಲಿ ಒಂದು ಹುಳವೂ ಇರಲಿಲ್ಲ. ಹುಳದ ಮನೆ ತೊಳೆದು ಬಾಗಿಲು ಹಾಕಿತ್ತು. ನಾನು ಫೋನಿನಲ್ಲಿ ಸುಳ್ಳು ಹೇಳಿದೆ. ಅದನ್ನೂ ಬರೆದಿಟ್ಟಿದ್ದೇನೆ.

ನನ್ನ ಭಯ ಏನೆಂದು ನೇರವಾಗಿ ಬರೆಯಬೇಕು. ಚಿಕ್ಕಂದಿನಿಂದ ಸತ್ತವರು ಎಲ್ಲಿಗೆ ಹೋಗುತ್ತಾರೆ, ಏನಾಗುತ್ತಾರೆ ಎನ್ನುವುದನ್ನು ನನಗೆ ಹೇಳಿದವರು ಅಪ್ಪ. ನಾನು ಅದನ್ನು ಪರೀಕ್ಷಿಸಿ ನೋಡಿದವಳಲ್ಲ. ಅಪ್ಪ ನಂಬಿದ್ದರು, ಅವರ ನಂಬಿಕೆಯನ್ನು ನಾನು ನಂಬಿದ್ದೆ. ಅವರೇ ಅದನ್ನು ಕೈಬಿಟ್ಟರೆ ಅಮ್ಮ ಎಲ್ಲಿದ್ದಾಳೆ ಎಂದು ಹೇಳುವವರು ನನಗೆ ಯಾರೂ ಉಳಿಯುತ್ತಿರಲಿಲ್ಲ. ಆಗ ಅಮ್ಮ ಚರ್ಚಿನ ಹಿಂದಿನ ಸಮಾಧಿ ಜಾಗದಲ್ಲಿ, ಬೇವಿನ ಮರದಿಂದ ಏಳು ಹೆಜ್ಜೆ ಆಚೆ, ಮಣ್ಣಿನ ಕೆಳಗೆ ಮಾತ್ರ ಇರುತ್ತಿದ್ದಳು. ಮಣ್ಣು ಮಾಡಿದ ಮೇಲೆ ಅಪ್ಪ ಅಲ್ಲಿಗೆ ಒಂದು ಸಲವೂ ಹೋಗಿರಲಿಲ್ಲ.

ನಲವತ್ತನೇ ದಿನ ಮಾರ್ಚ್ ಮೂವತ್ತಕ್ಕೆ ಬಿತ್ತು. ಭಾನುವಾರವೇ ಆದ್ದರಿಂದ ಅಯ್ಯನವರು ಆರಾಧನೆ ಮುಗಿಸಿ ನಮ್ಮ ಅಂಗಳದಲ್ಲಿ ಸ್ಮರಣೆಯ ಪ್ರಾರ್ಥನೆ ಇಟ್ಟುಕೊಂಡರು. ಅವರು ಹೊಸಬರು, ಬೇರೆ ಜಿಲ್ಲೆಯವರು, ಮೂವತ್ತರ ಆಸುಪಾಸು. ಹಿಂದಿನ ದಿನ ನಮ್ಮೂರು ರೇಷ್ಮೆಗೆ ಹೆಸರಾದದ್ದೆಂದು ಯಾರೋ ಹೇಳಿರಬೇಕು. ತುಂಬ ಉತ್ಸಾಹದಿಂದ ಪ್ರಸಂಗ ತಯಾರು ಮಾಡಿಕೊಂಡು ಬಂದಿದ್ದರು. ಹುಳ ಗೂಡಿನೊಳಗೆ ಹೋಗುತ್ತದೆ, ಸತ್ತಂತೆ ಮಲಗುತ್ತದೆ, ಒಂದು ದಿನ ಗೂಡು ತೂತು ಮಾಡಿ ರೆಕ್ಕೆ ಬಿಚ್ಚಿ ಹಾರುತ್ತದೆ, ನಮ್ಮ ಸಹೋದರಿ ಸುಗುಣಮ್ಮನವರೂ ಹಾಗೆಯೇ ಎಂದರು. ಜನ ಮಿಸುಕಾಡಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ಯೋಹಾನಪ್ಪನಿಗೆ ಎಪ್ಪತ್ತೆಂಟು ವರ್ಷ. ಅವನು ಕೈ ಎತ್ತಿದ.

"ಅಯ್ಯನವರೇ, ತೂತಾದ ಗೂಡನ್ನ ಮಾರ್ಕೆಟ್ಟಲ್ಲಿ ಯಾರೂ ಮುಟ್ಟಲ್ಲ. ಅದು ಹಾರಕ್ಕೆ ಮುಂಚೇನೇ ನಾವು ಬಿಸಿನೀರಿಗೆ ಹಾಕಿಬಿಡ್ತೀವಿ."

ಅಯ್ಯನವರ ಮುಖ ಕೆಂಪಾಯಿತು. ಹಿಂದೆ ಯಾರೋ ಸೆರಗು ಬಾಯಿಗೆ ಹಿಡಿದರು. ಅಷ್ಟರಲ್ಲಿ ಒಂದು ನಗು ಕೇಳಿಸಿತು, ನೋಡಿದರೆ ಅದು ಅಪ್ಪನದು. ನಲವತ್ತು ದಿನದಲ್ಲಿ ಮೊದಲನೆಯದು. ಭುಜ ಕುಲುಕಿಸಿ ನಕ್ಕರು, ಆಮೇಲೆ ಅಯ್ಯನವರೂ ನಕ್ಕರು, ಎಲ್ಲರೂ ನಕ್ಕರು.

ಊಟವಾದ ಮೇಲೆ ಅಯ್ಯನವರು ಹುಳದ ಮನೆ ತೋರಿಸಿ ಎಂದರು. ಅಪ್ಪ ಖಾಲಿ ತಟ್ಟೆಗಳನ್ನು ತೋರಿಸಿದರು, ಮರುದಿನ ಬರಲಿದ್ದ ಮರಿ ಹುಳಕ್ಕೆ ಮಾಡಿದ್ದ ಸಿದ್ಧತೆ ತೋರಿಸಿದರು. ಹಾಗಾದರೆ ಪುನರುತ್ಥಾನಕ್ಕೆ ಇಲ್ಲಿನ ಜನಕ್ಕೆ ಹೊಂದುವ ಉದಾಹರಣೆ ಯಾವುದು ಎಂದು ಅಯ್ಯನವರು ಕೇಳಿದರು. ನಿಜವಾಗಿಯೂ ಕಲಿಯಬೇಕೆಂದೇ ಕೇಳಿದರು. ಅಪ್ಪ ತಟ್ಟೆಯ ಅಂಚು ಒರೆಸುತ್ತಾ, "ಉದಾಹರಣೆ ಬೇಡ ಅಯ್ಯನವರೇ. ನಾನೂ ಇಪ್ಪತ್ತಮೂರು ವರ್ಷ ಉದಾಹರಣೆನೇ ಹೇಳ್ದೆ" ಎಂದರು. ನಗು ಬಂದಿತಲ್ಲ, ಮಾತೂ ಬರುತ್ತದೆ ಎಂದು ನಾನು ಆಸೆಪಟ್ಟುಕೊಂಡಿದ್ದೆ. ಆ ರಾತ್ರಿಯೂ ಅವರು ಪ್ರಾರ್ಥನೆ ಇಲ್ಲದೆ ಉಂಡರು.

ಹೊಸ ಬೆಳೆಯ ಮರಿ ಹುಳ ಮಾರ್ಚ್ ಮೂವತ್ತೊಂದಕ್ಕೆ ಬಂತು. ಏಪ್ರಿಲ್ ಒಂಬತ್ತು, ಬುಧವಾರ, ಬೆಳಗ್ಗೆ ಹುಳ ನಾಲ್ಕನೇ ಜ್ವರಕ್ಕೆ ಕೂತಿತ್ತು. ಸುಣ್ಣ ಉದುರಿಸಿ, ಕಿಟಕಿ ತೆರೆದು, ಹುಳದ ಮನೆಯ ಬಾಗಿಲು ಮುಂದಕ್ಕೆ ಎಳೆದು ಬಂದೆವು. ಇನ್ನೊಂದು ದಿನ ಸೊಪ್ಪು ಹಾಕುವ ಹಾಗಿಲ್ಲ. ಒಂಬತ್ತು ಇಪ್ಪತ್ತಕ್ಕೆ ಅಪ್ಪನ ಫೋನು ಬಡಿದುಕೊಂಡಿತು. ಅವರು ನನ್ನ ಕಡೆ ತಳ್ಳಿದರು.

ಹೋಳೂರಿನ ಶಾಂತಮ್ಮ. ಬೆಳಗಿನ ಜಾವ ಗಂಡ ಹೋಗಿಬಿಟ್ಟಿದ್ದ. ನನ್ನ ಲೆಕ್ಕದಲ್ಲಿ ಅವರ ಮನೆ ನಲವತ್ತೊಂದನೆಯದು. ನಾಲ್ಕು ವರ್ಷದ ಹಿಂದೆ ಅವರ ಒಬ್ಬಳೇ ಮಗಳು ಹದಿನೇಳನೇ ವಯಸ್ಸಿಗೆ ಡೆಂಗ್ಯೂ ಬಂದು ತೀರಿಹೋದಾಗ ಅಪ್ಪ ಹೋಗಿದ್ದರು. ಈಗ ಶಾಂತಮ್ಮ ಅಪ್ಪ ಬರಬೇಕು ಎಂದು ಕೇಳಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಉಪದೇಶಿಗಳನ್ನು ಒಂದು ಮಾತು ಕೇಳುವುದಿದೆ, ಮಣ್ಣು ಮಾಡುವುದಕ್ಕೆ ಮುಂಚೆ ಕೇಳಬೇಕು ಎಂದಷ್ಟೇ ಹೇಳಿ ಫೋನಿಟ್ಟಳು.

ನಾನು ಅದನ್ನೇ ಅಪ್ಪನಿಗೆ ಹೇಳಿದೆ. ಅಪ್ಪ ಎಂದಿನ ಉತ್ತರ ಹೇಳಲು ಹೊರಟರು. ನಾನು ಹೇಳಿದೆ:

"ಹುಳ ಜ್ವರಕ್ಕೆ ಕೂತಿದೆ ಅಪ್ಪಾ. ನಾಳೆ ಬೆಳಗ್ಗೆವರ್ಗೂ ನಮಗೆ ಕೆಲಸ ಇಲ್ಲ."

ಬೇಲಿಯಾಚೆ ಪಾತ್ರೆ ತೊಳೆಯುತ್ತಿದ್ದ ಮುನಿರತ್ನಮ್ಮ, ನಾನು ಬಂದು ಬಂದು ನೋಡಿಕೊಳ್ಳುತ್ತೇನೆ ಹೋಗಿ ಬನ್ನಿ ಎಂದು ಅಲ್ಲಿಂದಲೇ ಕೂಗಿದಳು. ಅಪ್ಪ ಕೈ ತೊಳೆದರು. ಬಿಳಿ ಅಂಗಿ ಹಾಕಿಕೊಂಡರು. ಪ್ರತಿ ಸಲ ಒಯ್ಯುತ್ತಿದ್ದ ಬೈಬಲಿನ ಚೀಲವನ್ನು ಗೂಟದಿಂದ ತೆಗೆದು, ಒಂದು ಗಳಿಗೆ ಹಿಡಿದು, ಮತ್ತೆ ಅಲ್ಲೇ ತೂಗುಹಾಕಿದರು. ನಾನು ಬೈಕಿನ ಹಿಂದೆ ಕೂತೆ. ಮುಕ್ಕಾಲು ಗಂಟೆಯ ದಾರಿ.

ಹೋಳೂರಿನ ಮನೆಯಲ್ಲಿ ಜನ ತುಂಬಿದ್ದರು, ಸದ್ದಿರಲಿಲ್ಲ. ಶಾಂತಮ್ಮ ಗಂಡನ ತಲೆಯ ಹತ್ತಿರ ನೆಟ್ಟಗೆ ಕೂತಿದ್ದಳು. ಕಣ್ಣು ಒಣಗಿತ್ತು. ಅಪ್ಪನನ್ನು ಕಂಡು ಜನ ಜಾಗ ಬಿಟ್ಟರು. ಅಪ್ಪ ಅವಳ ಎದುರು ನೆಲದ ಮೇಲೆ ಕೂತರು. ಬಸ್ಸಿನ ಮಾತು ಬರುತ್ತದೆಂದು ಎಲ್ಲರೂ ಕಾಯುತ್ತಿದ್ದರು. ಶಾಂತಮ್ಮನೇ ಮೊದಲು ಮಾತಾಡಿದಳು. ದನಿ ಏರಲಿಲ್ಲ.

"ಉಪದೇಶಿಗಳೇ, ನನ್ನ ಮಗಳು ಹೋದಾಗ ಅಳಬೇಡ ಅಂದ್ರಿ. ನಾನು ಅಳಲಿಲ್ಲ. ನಾಲ್ಕು ವರ್ಷದಿಂದ ಅತ್ತಿಲ್ಲ. ಅತ್ರೆ ನಂಬಿಕೆ ಇಲ್ಲ ಅಂತಾಗುತ್ತೆ, ಅವಳನ್ನ ನೋಡಕ್ಕೆ ಬಿಡಲ್ಲ ಅಂದ್ಕೊಂಡಿದ್ದೆ. ಇವತ್ತು ಇವರೂ ಹೋದ್ರು. ಇವತ್ತೂ ಅಳಬಾರದಾ? ಹೇಳ್ಬಿಡಿ. ನಂಗೆ ಸಾಕಾಗಿದೆ."

ನಾನು ಬಾಗಿಲ ಹತ್ತಿರ ನಿಂತಿದ್ದೆ. ಗೋಡೆಯ ಗಡಿಯಾರದಲ್ಲಿ ಹತ್ತು ಐವತ್ತು. ಅಪ್ಪನ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಅದು ನಡುಗಲು ಶುರುವಾಯಿತು. ಅವರು ಎರಡೂ ಕೈ ನೆಲಕ್ಕೆ ಊರಿ ತಲೆ ಬಗ್ಗಿಸಿದರು. ಅವರಿಂದ ಬಂದ ಸದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಸಭೆಯ ಗಂಡಸರು ಗಾಬರಿಯಿಂದ ಎದ್ದ ಹಾಗೆ ಮಾಡಿ ಮತ್ತೆ ಕೂತರು.

"ತಪ್ಪು ಹೇಳ್ದೆ ಕಣಮ್ಮ," ಎಂದರು ಅಪ್ಪ, ಮಾತು ಬಂದ ಮೇಲೆ. "ಬಸ್‌ಸ್ಟ್ಯಾಂಡಲ್ಲಿ ಅಳ್ತಾರೆ. ನಾನೇ ನೋಡಿದೀನಿ. ನಮ್ಮ ಲಿಲ್ಲಿ ಮೊದಲನೇ ಸಲ ಮಾಲೂರಿಗೆ ಹೊರಟಾಗ ಶ್ರೀನಿವಾಸಪುರದ ಬಸ್‌ಸ್ಟ್ಯಾಂಡಲ್ಲಿ ಸುಗುಣ ಅತ್ತಳು. ಶನಿವಾರ ಬರ್ತಾಳೆ ಅಂತ ಗೊತ್ತಿತ್ತು. ಗೊತ್ತಿದ್ದೂ ಅತ್ತಳು. ಅದಕ್ಕೆ ನಂಬಿಕೆ ಇಲ್ಲ ಅಂತಾರಾ?"

ಅಪ್ಪ ಅಂಗೈಯಲ್ಲಿ ಮುಖ ಒರೆಸಿಕೊಂಡರು.

"ನಮ್ಮ ಸ್ವಾಮಿನೂ ಅತ್ತ, ಬೈಬಲಲ್ಲೇ ಇದೆ. ಸತ್ತ ಗೆಳೆಯನ್ನ ಎಬ್ಬಿಸ್ತೀನಿ ಅಂತಾನೇ ಹೋಗಿದ್ದ. ಇನ್ನೊಂದು ಗಳಿಗೆಗೆ ಎದ್ದು ಬರ್ತಾನೆ ಅಂತ ಅವನಿಗೆ ಗೊತ್ತಿತ್ತು. ಆದ್ರೂ ಮೊದಲು ನಿಂತ್ಕೊಂಡು ಅತ್ತ. ಇಷ್ಟು ವರ್ಷ ಅದನ್ನ ಓದಿ ಓದಿ ದಾಟಿ ಹೋಗಿದೀನಿ ನಾನು. ಅತ್ಕೋ ಶಾಂತಮ್ಮ. ಅವರು ಸಿಗ್ತಾರೆ ಅನ್ನೋದು ಸುಳ್ಳಲ್ಲ. ಇವತ್ತು ಮನೇಲಿಲ್ಲ ಅನ್ನೋದೂ ಸುಳ್ಳಲ್ಲ."

ಶಾಂತಮ್ಮ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಗಂಡನ ಹೆಸರು ಕರೆಯಲಿಲ್ಲ. ಮಗಳ ಹೆಸರು ಕರೆದಳು. ನಾಲ್ಕು ವರ್ಷದಿಂದ ನಿಂತಿದ್ದು ಮೊದಲು ಬಂತು, ಗಂಡನದು ಅದರ ಹಿಂದೆ ಬಂತು. ಹೆಂಗಸರು ಅವಳನ್ನು ಹಿಡಿದುಕೊಂಡರು. ಸುಮ್ಮನಿರು ಎಂದು ಆ ದಿನ ಅಲ್ಲಿ ಯಾರೂ ಹೇಳಲಿಲ್ಲ. ಅಪ್ಪ ವಾಕ್ಯ ಓದಲಿಲ್ಲ, ಪ್ರಸಂಗ ಮಾಡಲಿಲ್ಲ. ಮೂರು ಗಂಟೆಗೆ ಮಣ್ಣು ಮಾಡುವವರೆಗೆ ಅವಳ ಎದುರು ಹಾಗೇ ಕೂತಿದ್ದರು, ಆಗಾಗ ಕಣ್ಣೊರೆಸಿಕೊಳ್ಳುತ್ತಾ. ಅವಳು ಒಂದು ಸಲ ನೀರು ಕೇಳಿದಾಗ ಲೋಟ ಕೊಟ್ಟರು. ಅದೇ ಅವರ ಉಪದೇಶ.

ಹಿಂದಿರುಗುವಾಗ ನಾಲ್ಕೂವರೆ. ಬಿಸಿಲು ಇಳಿದಿತ್ತು. ರಸ್ತೆಯ ಎರಡೂ ಕಡೆ ಮಾವಿನ ತೋಪು, ಕಾಯಿ ಹಿಡಿದು ಕೊಂಬೆಗಳು ಬಾಗಿದ್ದವು. ನಾನು ಹಿಂದೆ ಕೂತು ಆ ದಿನದ ಲೆಕ್ಕ ಹಾಕುತ್ತಿದ್ದೆ: ಬಂದವರೆಷ್ಟು, ಅಪ್ಪ ಎಷ್ಟು ಹೊತ್ತು ಅತ್ತರು, ಎಷ್ಟು ಮಾತಾಡಿದರು. ಮರೆಯುವ ಮುಂಚೆ ಬರೆದಿಡಬೇಕು ಎಂದುಕೊಳ್ಳುತ್ತಿದ್ದೆ. ಒಂದು ಮೋರಿಯ ಹತ್ತಿರ ಅಪ್ಪ ಬೈಕು ನಿಲ್ಲಿಸಿದರು. ಪೆಟ್ರೋಲು ಮುಗಿಯಿತೇನೋ ಎಂದುಕೊಂಡೆ. ಅವರು ಹಿಂದಕ್ಕೆ ತಿರುಗದೆಯೇ ಕೇಳಿದರು.

"ನೀನು ಎಷ್ಟು ದಿನ ಆಯ್ತು ಅಳದೆ?"

ಬೇರೆ ಯಾರೇ ಆಗಿದ್ದರೂ ಯೋಚಿಸಬೇಕಾಗಿತ್ತು. ನನಗೆ ಸಂಖ್ಯೆ ನಾಲಗೆಯ ಮೇಲೆಯೇ ಇತ್ತು.

"ಐವತ್ತು," ಎಂದೆ.

ಹೇಳಿದ ಮೇಲೆ ಆ ಸಂಖ್ಯೆ ನನಗೇ ಕೇಳಿಸಿತು. ಮೂವತ್ತೆಂಟು ಗೀಟು ಹಾಕಿದ್ದೆ, ಅರವತ್ತನಾಲ್ಕು ಮನೆ ಎಣಿಸಿದ್ದೆ, ಬೇವಿನ ಮರದಿಂದ ಏಳು ಹೆಜ್ಜೆ ಅಳೆದಿದ್ದೆ. ಅಮ್ಮ ಸತ್ತಿದ್ದಾಳೆ ಎನ್ನುವುದನ್ನು ಮಾತ್ರ ಎಣಿಕೆಯ ಹೊರಗೇ ಇಟ್ಟುಕೊಂಡು ಬಂದಿದ್ದೆ.

"ಇಳಿ," ಎಂದರು ಅಪ್ಪ. "ಹುಳ ನಾಳೆ ಬೆಳಗ್ಗೆವರ್ಗೂ ಏಳಲ್ಲ. ಟೈಮಿದೆ."

ಮೋರಿಯ ಕಟ್ಟೆಯ ಮೇಲೆ ಇಬ್ಬರೂ ಕೂತೆವು. ನಾನು ಎಷ್ಟು ಹೊತ್ತು ಅತ್ತೆನೋ ಗೊತ್ತಿಲ್ಲ. ಡೈರಿಯಲ್ಲಿ ಆ ಜಾಗ ಖಾಲಿ ಇದೆ. ಒಂದು ಟೊಮೆಟೊ ಲಾರಿ ಹೋಯಿತು, ಶಾಲೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಇಬ್ಬರು ಹುಡುಗಿಯರು ನಿಧಾನ ಮಾಡಿ ನೋಡಿ ಹೋದರು. ಅಪ್ಪ ನನ್ನನ್ನು ಸಮಾಧಾನ ಮಾಡಲಿಲ್ಲ. ತಮ್ಮ ಬಿಳಿ ಅಂಗಿಯ ತೋಳಿನಲ್ಲಿ ನನ್ನ ಮೂಗು ಒರೆಸಿದರು, ನಾನು ಚಿಕ್ಕವಳಾಗಿದ್ದಾಗ ಮಾಡುತ್ತಿದ್ದ ಹಾಗೆ.

ಆಮೇಲೆ ಅವರು ಕಣ್ಣು ಮುಚ್ಚಿದರು. ಸುಸ್ತಾಗಿ ಮುಚ್ಚಿದ್ದಾರೆ ಎಂದುಕೊಂಡೆ. ತುಟಿ ಅಲುಗಿತು. ಆರಾಧನೆಯಲ್ಲಿ ಮಾಡುತ್ತಿದ್ದ ದೊಡ್ಡ ದನಿಯ ಪ್ರಾರ್ಥನೆ ಅಲ್ಲ ಅದು. ಬಸ್ಸು ಹತ್ತಿಸುವಾಗ ಡ್ರೈವರಿಗೆ ಒಂದು ಮಾತು ಹೇಳುತ್ತೇವಲ್ಲ, ಅಷ್ಟೇ ಸಣ್ಣದು.

"ಸ್ವಾಮಿ, ಸುಗುಣನ್ನ ನೋಡ್ಕೋ. ನಾವು ಬರೋವರ್ಗೂ."

ಆಮೆನ್ ಎನ್ನಲು ಅವರಿಂದ ಆಗಲಿಲ್ಲ. ಸ್ವಲ್ಪ ಹೊತ್ತು ಕಾದೆ. ಆಮೇಲೆ ನಾನೇ ಹೇಳಿದೆ.